ಐವತ್ತೆಂಟು ಹೆಸರು ಕಾಯ್ದವರು

ಅವರಿಗೆ ಫೋನ್ ಮಾಡಿದರೆ ‘ಹಲೋ’ ಎನ್ನುತ್ತಿರಲಿಲ್ಲ. ರಿಂಗ್ ನಿಂತ ಕೂಡಲೇ ಆ ಕಡೆಯಿಂದ ‘ಯಾರಿಗೆ?’ ಎಂಬ ಒಂದೇ ಮಾತು ಬರುತ್ತಿತ್ತು. ಹೊಸಬರು ತಬ್ಬಿಬ್ಬಾಗಿ ‘ನಿಮಗೇ ಮೇಡಂ’ ಎಂದುಬಿಡುತ್ತಿದ್ದರು. ಗೊತ್ತಿದ್ದವರು ರೋಗಿ ಯಾವ ಆಸ್ಪತ್ರೆಯಲ್ಲಿದ್ದಾರೆ, ಯಾವ ಗುಂಪಿನ ರಕ್ತ, ಎಷ್ಟು ಹೊತ್ತಿನೊಳಗೆ ಎಂದು ಮೂರು ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದರು. ಅವರ ಜೊತೆ ಫೋನಿನಲ್ಲಿ ಊಟ ಆಯ್ತಾ, ಮಳೆ ಬಂತಾ ಎಂದು ಮಾತಾಡಿದವರು ಯಾರೂ ಇರಲಿಕ್ಕಿಲ್ಲ.

ಕಡೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಅವರು ಮೂವತ್ತು ವರ್ಷ ರಕ್ತ ಪರೀಕ್ಷೆ ಮಾಡಿದವರು. ನಾನು ಅಲ್ಲಿ ಅವರ ಕೈಕೆಳಗೆ ಕೆಲಸ ಕಲಿತೆ. ಈಗ ತರೀಕೆರೆಯ ಒಂದು ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿದ್ದೇನೆ. ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಅಚ್ಚಾಗುವುದು ಅವರಿಗೆ ಇಷ್ಟವಿರಲಿಲ್ಲ. ನಿವೃತ್ತಿಯ ದಿನದ ಫ್ಲೆಕ್ಸನ್ನು ಸಮಾರಂಭಕ್ಕೆ ಮೊದಲೇ ಬಿಚ್ಚಿಸಿ, ಸುತ್ತಿ, ಆಟೋದಲ್ಲಿ ಹಾಕಿಕೊಂಡು ಮನೆಗೆ ಹೋದವರು ಅವರು.

ನಾನು ಸೇರಿದ ಹೊಸತರಲ್ಲಿ ಒಬ್ಬ ವಯಸ್ಸಾದ ರೋಗಿಯನ್ನು, ಚೀಟಿ ನೋಡಿಕೊಂಡು, ‘ನೀವು ಇಂಥವರಲ್ವಾ?’ ಎಂದು ಕೇಳಿದೆ. ಆತ ತಲೆಯಾಡಿಸಿದ. ರಕ್ತ ತೆಗೆದೆ. ಮೇಡಂ ಎದ್ದು ಬಂದು ‘ನಿಮ್ಮ ಹೆಸರೇನಪ್ಪಾ?’ ಎಂದು ಅವನ ಕಿವಿಯ ಹತ್ತಿರ ಕೇಳಿದರು. ಆತ ಬೇರೆಯೇ ಹೆಸರು ಹೇಳಿದ. ಕಿವಿ ಕೇಳಿಸದೆ ನನಗೆ ತಲೆಯಾಡಿಸಿದ್ದ. ಅವರು ನನ್ನ ಕೈಯಿಂದ ಟ್ಯೂಬು ತೆಗೆದುಕೊಂಡು ಕಸದ ಬುಟ್ಟಿಗೆ ಹಾಕಿ, “ಹೆಸರು ನೀನು ಹೇಳ್ಬೇಡ ಕಣೋ. ಅವರ ಬಾಯಿಂದ ಬರ್ಬೇಕು” ಎಂದರು. ಅಷ್ಟೇ. ಆ ದಿನ ಪೂರ್ತಿ ಒಬ್ಬೊಬ್ಬರ ಹೆಸರನ್ನೂ ಎರಡೆರಡು ಸಲ ಕೇಳಿದೆ.

ಸಂಬಳದ ಕೆಲಸದ ಪಕ್ಕದಲ್ಲಿ ಅವರು ಒಂದು ಪಟ್ಟಿ ಬೆಳೆಸಿದ್ದರು. ಲ್ಯಾಬಿಗೆ ಬಂದವರಲ್ಲಿ ಯಾರದಾದರೂ ನೆಗೆಟಿವ್ ಗುಂಪಿನ ರಕ್ತ ಎಂದು ಗೊತ್ತಾದರೆ ಅವರನ್ನು ಬೇರೆಯಾಗಿ ಕೂರಿಸಿಕೊಂಡು ಮಾತಾಡುತ್ತಿದ್ದರು. ಈ ರಕ್ತ ಸುಲಭಕ್ಕೆ ಸಿಗುವುದಲ್ಲ, ಬೇಕಾದಾಗ ಕರೆದರೆ ಬರುತ್ತೀರಾ ಎಂದು ಕೇಳುತ್ತಿದ್ದರು. ಹೆದರಿದವರನ್ನು ಒತ್ತಾಯ ಮಾಡುತ್ತಿರಲಿಲ್ಲ. ಒಪ್ಪಿದವರಿಗೆ, “ನಿಮ್ಮ ನಂಬರ್ ನನ್ನ ಹತ್ರ ಇರುತ್ತೆ. ಯಾರ್ಯಾರ ಕೈಗೋ ಹೋಗಲ್ಲ” ಎಂದು ಮಾತು ಕೊಡುತ್ತಿದ್ದರು. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ಸೇರಿ ಹಾಗೆ ಒಪ್ಪಿದವರು ಐವತ್ತೊಂಬತ್ತು ಜನ.

ಐವತ್ತೆಂಟು ಆದದ್ದು ನಮ್ಮಿಂದ.

ಮೂರು ಊರಿನ ಲ್ಯಾಬಿನವರಿಗೂ ಪಟ್ಟಿ ಕಾಣಲಿ, ಯಾರು ಕೊನೆಯ ಸಲ ಯಾವಾಗ ರಕ್ತ ಕೊಟ್ಟರು ಎನ್ನುವುದು ಗೊತ್ತಿರಲಿ ಎಂದು ನಾವೇ ಕಿರಿಯರು ಅವರನ್ನು ಒಪ್ಪಿಸಿ ಅದನ್ನು ಇಂಟರ್ನೆಟ್ಟಿನ ಒಂದು ಹಾಳೆಗೆ ಏರಿಸಿ, ಲಿಂಕನ್ನು ವಾಟ್ಸಾಪ್ ಗುಂಪಿಗೆ ಹಾಕಿದೆವು. ಯಾರೋ ಆ ಲಿಂಕನ್ನು ಇನ್ಯಾರಿಗೋ ಕಳಿಸಿದರು. ತಿಂಗಳೊಳಗೆ, ಕಡೂರಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗಿಗೆ ಗುರುತಿಲ್ಲದ ಗಂಡಸರ ಕರೆ ಶುರುವಾಯಿತು. ಮೊದಲು ರಕ್ತ ಬೇಕು ಎಂದರಂತೆ. ಆಮೇಲೆ ಬೇರೆ ಮಾತು.

ಅವಳ ಅಣ್ಣ ಲ್ಯಾಬಿನ ಬಾಗಿಲಿಗೆ ಬಂದು ನಿಂತ. ಒಳಗೆ ಬರಲಿಲ್ಲ.

“ನಿಮ್ಮ ಮುಖ ನೋಡಿ ನಂಬರ್ ಕೊಟ್ಟಿದ್ದು ಅವ್ಳು. ಈಗ ಫೋನ್ ಬಡ್ಕೊಂಡ್ರೆ ಮನೇಲಿ ಎಲ್ಲ ನಡುಗ್ತಾರೆ. ಇದಕ್ಕೆ ಏನ್ ಹೇಳ್ತೀರ?”

ಮೇಡಂ ಅವನಿಂದ ಮನೆಯ ವಿಳಾಸ ಬರೆದುಕೊಂಡರು. ಆ ಮಧ್ಯಾಹ್ನವೇ ಹಾಳೆಯನ್ನು ಅಳಿಸಿದರು. ಸಂಜೆ ಆ ಹುಡುಗಿಯ ಮನೆಗೆ ಒಬ್ಬರೇ ಹೋಗಿ ಬಂದು, ಅವಳ ಹೆಸರನ್ನು ಪಟ್ಟಿಯಿಂದಲೇ ತೆಗೆದರು. ಲಿಂಕ್ ಹೊರಗೆ ಬಿಟ್ಟವರು ಯಾರು ಎಂದು ಅವರು ನಮ್ಮಲ್ಲಿ ಒಬ್ಬರನ್ನೂ ಕೇಳಲಿಲ್ಲ. ಕೇಳದೆ ಇದ್ದದ್ದರಿಂದ ನಮ್ಮ ನಮ್ಮಲ್ಲೇ ಅನುಮಾನ ಉಳಿಯಿತು, ಇವತ್ತಿಗೂ ಇದೆ.

ಅದೇ ವರ್ಷ ಅವರಿಗೆ ನಿವೃತ್ತಿಯಾಯಿತು. ಅಜ್ಜಂಪುರದಲ್ಲಿ, ಸ್ಟೇಷನ್ನಿನ ಹತ್ತಿರದ ಸ್ವಂತ ಮನೆಯಲ್ಲಿ ಗಂಡನ ಜೊತೆ ಇದ್ದರು. ಒಂದು ದಿನ ನನಗೆ ಫೋನ್ ಮಾಡಿ, “ಪಟ್ಟಿ ನಮ್ಮನೇಲೇ ಇರ್ಬೇಕು, ನಿಮಗೂ ಕಾಣ್ಬೇಕು. ಆಗುತ್ತಾ?” ಎಂದು ಕೇಳಿದರು. ಆಗುತ್ತೆ ಎಂದೆ. ಕಂಪ್ಯೂಟರ್ ನನ್ನ ಚಪಲ. ನನ್ನ ಹಳೆಯ ಕಪ್ಪು ಕಂಪ್ಯೂಟರನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅಜ್ಜಂಪುರಕ್ಕೆ ಒಯ್ದು ಅವರ ಟಿವಿಯ ಕೆಳಗೆ ಕೂರಿಸಿದೆ. ಪಾಸ್‌ವರ್ಡ್ ಹಾಕಿದರೆ ಮಾತ್ರ ತೆರೆಯುವ ಒಂದು ಪುಟ ಮಾಡಿದೆ. ಪಾಸ್‌ವರ್ಡ್ ಮೂರು ಲ್ಯಾಬಿಗೆ ಮೂರು ಬೇರೆ.

ತೊಡಕು ಇದ್ದದ್ದು ವಿಳಾಸದಲ್ಲಿ. ಮನೆಯ ಇಂಟರ್ನೆಟ್ಟಿಗೆ ಕಂಪನಿಯವರು ಒಂದು ನಂಬರ್ ಕೊಟ್ಟಿರುತ್ತಾರೆ. ಕರೆಂಟು ಹೋಗಿ ಬಂದರೆ ರೂಟರ್ ಹೊಸ ನಂಬರ್ ತೆಗೆದುಕೊಳ್ಳುತ್ತದೆ. ಅಜ್ಜಂಪುರದಲ್ಲಿ ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತದೆ ಎಂದು ಹೇಳಬೇಕಾಗಿಲ್ಲ. ಬದಲಾಗದ ನಂಬರ್ ಬೇಕಾದರೆ ಯಾವುದಾದರೂ ವ್ಯಾಪಾರದ ಹೆಸರಿನಲ್ಲಿ ಕನೆಕ್ಷನ್ ಇರಬೇಕು, ಮನೆಗೆ ಕೊಡುವುದಿಲ್ಲ ಎಂದರು. ಇದಕ್ಕೊಂದು ದಾರಿ ಇದೆ. ಡೈನಾಮಿಕ್ ಡಿಎನ್‌ಎಸ್ ಎಂಬ ಸೇವೆ. ಆ ಸೇವೆಯವರು ನಮಗೆ ಬದಲಾಗದ ಒಂದು ಹೆಸರು ಕೊಡುತ್ತಾರೆ. ಮನೆಯ ನಂಬರ್ ಬದಲಾದಾಗಲೆಲ್ಲ ಮನೆಯ ಯಂತ್ರವೇ ಅವರಿಗೆ ಹೊಸ ನಂಬರ್ ತಿಳಿಸುತ್ತದೆ. ಹೊರಗಿನವರು ಆ ಹೆಸರು ಹೊಡೆದರೆ ಸರಿಯಾದ ಮನೆಗೆ ಬಂದು ಮುಟ್ಟುತ್ತಾರೆ. ಬಿಟ್ಟಿಯಾಗಿ ಕೊಡುವವರೂ ಬೇಕಾದಷ್ಟು ಜನ ಇದ್ದಾರೆ.

ನಾನಾಗಿದ್ದರೆ ಮೊದಲು ಸಿಕ್ಕಿದ್ದನ್ನು ಹಾಕಿ ಎದ್ದು ಬರುತ್ತಿದ್ದೆ. ಅವರು ಕನ್ನಡಕ ಏರಿಸಿ ಕೂತರು.

“ಇವ್ರು ಯಾರು? ಅಂಗಡಿ ಮುಚ್ಚೋದಾದ್ರೆ ಎಷ್ಟು ದಿನ ಮುಂಚೆ ಹೇಳ್ತಾರೆ?”

“ಅದು ಗೊತ್ತಾಗಲ್ಲ ಮೇಡಂ. ಬಿಟ್ಟಿ ಕೊಡೋರನ್ನ ಅಷ್ಟೆಲ್ಲ ಕೇಳಕ್ಕಾಗಲ್ಲ.”

“ನಮ್ಮ ಹುಡುಗ್ರೂ ರಕ್ತ ಬಿಟ್ಟೀನೇ ಕೊಡೋದು. ಕೇಳಲ್ವಾ ನಾವು? ಸರಿ, ನಾನು ಮರೆತ್ರೆ ಹೆಸರು ಏನಾಗುತ್ತೆ?”

“ಕೆಲವ್ರು ತಿಂಗಳಿಗೊಂದ್ಸಲ ಮೇಲ್ ಕಳಿಸ್ತಾರೆ. ಅದ್ರಲ್ಲಿರೋ ಲಿಂಕ್ ಒತ್ತದೆ ಇದ್ರೆ ಹೆಸರು ಕಿತ್ತಾಕ್ತಾರೆ.”

“ಕಿತ್ತಾಕಿದ್ ಮೇಲೆ ಅದನ್ನ ಬೇರೆಯವ್ರು ಎತ್ಕೋಬಹುದಾ?”

ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಹುಡುಕಿ ನೋಡಿದೆ. ಎತ್ಕೋಬಹುದಾಗಿತ್ತು.

ಮೂರು ಸೇವೆಗಳನ್ನು ಒಟ್ಟಿಗೆ ಹಾಕಿಸಿ, ಒಂದೇ ರಕ್ತದ ಮೂರು ಮಾದರಿಯನ್ನು ಇಟ್ಟು ನೋಡುವ ಹಾಗೆ, ಒಂದು ತಿಂಗಳು ನೋಡಿದರು. ಬೆಳಿಗ್ಗೆ, ಸಂಜೆ ಮೂರನ್ನೂ ತೆರೆದು ಪುಸ್ತಕದಲ್ಲಿ ಗುರುತು ಹಾಕಿದರು. ಒಂದು ಸೇವೆ ನಂಬರ್ ಬದಲಾದ ಮೇಲೆ ಅರ್ಧ ದಿನ ಹಳೆಯದನ್ನೇ ಹಿಡಿದುಕೊಂಡಿತ್ತು, ಅದನ್ನು ಬಿಟ್ಟರು. ಉಳಿದದ್ದು ಎರಡು. ಒಂದನ್ನು ಯಾರೋ ಕೆಲವರು ಸ್ವಂತ ಆಸಕ್ತಿಯಿಂದ ನಡೆಸುತ್ತಿದ್ದರು. ತಿಂಗಳ ಮೇಲ್ ಇಲ್ಲ, ಆದರೆ ಮನೆಯ ಕಂಪ್ಯೂಟರಿನಲ್ಲಿ ನಾವೇ ಒಂದು ಸಣ್ಣ ಪ್ರೋಗ್ರಾಂ ಬರೆದು ಇಡಬೇಕು. ಇನ್ನೊಂದು ತುಂಬ ಜನ ಬಳಸುವಂಥದು, ರೂಟರಿನ ಮೆನುವಿನಲ್ಲೇ ಅದರ ಜಾಗ ಇತ್ತು, ಹೆಸರೂ ಚಿಕ್ಕದು. ತಿಂಗಳಿಗೊಂದು ಕ್ಲಿಕ್ ಮಾತ್ರ.

ಅವರಿಗೆ ಮೊದಲನೆಯದು ಬೇಕಿತ್ತು. ನನಗೆ ಆ ಪ್ರೋಗ್ರಾಂ ಬರೆಯುವ ಬೇಸರ.

“ಮೇಲ್ ನನಗೆ ಬರ್ಲಿ ಮೇಡಂ. ತಿಂಗಳಿಗೊಂದ್ಸಲ ಒತ್ತೋದು ಏನು ಮಹಾ.”

ಅವರು ನನ್ನ ಮುಖವನ್ನೇ ನೋಡಿದರು.

“ಮರೆಯಲ್ವಾ?”

“ಮರೆಯಲ್ಲ.”

ಒಪ್ಪಿದರು. ಒಂದು ವರ್ಷಕ್ಕೂ ಹೆಚ್ಚು ಕಾಲ ನಾನು ಮರೆಯಲಿಲ್ಲ.

ಮರೆತ ತಿಂಗಳು ನಮ್ಮ ಲ್ಯಾಬಿಗೆ ಹೊಸ ಯಂತ್ರ ಬಂದಿತ್ತು. ಅದನ್ನು ಕಲಿಸಲು ಬಂದವರ ಹಿಂದೆ ಓಡಾಡುತ್ತಿದ್ದೆ. ಮೇಲ್ ಬಂದದ್ದು ನೋಡಿದೆ. ಆಮೇಲೆ ಒತ್ತೋಣ ಎಂದುಕೊಂಡೆ. ಎರಡನೆಯ ಸಲ ಎಚ್ಚರಿಕೆ ಬಂದದ್ದನ್ನೂ ನೋಡಿದೆ. ಇದನ್ನು ನಾನು ಯಾರ ಮೇಲೂ ಹಾಕುವ ಹಾಗಿಲ್ಲ.

ಅವತ್ತು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಮ್ಮಲ್ಲಿ ಹೆರಿಗೆಯಾದ ಒಬ್ಬಳಿಗೆ ರಕ್ತಸ್ರಾವ ನಿಲ್ಲಲಿಲ್ಲ. ಓ ನೆಗೆಟಿವ್. ಡಾಕ್ಟರಮ್ಮ ಲ್ಯಾಬಿನ ಕಿಟಕಿಗೆ ಬಂದು, “ಶಿವಮೊಗ್ಗಕ್ಕೆ ಕಳಿಸ್ತಿದೀನಿ. ಅಲ್ಲಿನ ರಕ್ತನಿಧೀಲಿ ಒಂದೇ ಬಾಟ್ಲಿ ಇದೆಯಂತೆ. ಕೊಡೋರು ಹೊರಟಿದಾರೆ ಅಂತ ಗ್ಯಾರಂಟಿ ಹೇಳಿದ್ರೆ ಅದನ್ನ ನಮಗೆ ಇಡ್ತಾರೆ. ನಿಮ್ಮ ಪಟ್ಟಿ ತೆಗೀರಿ” ಎಂದು ಹೇಳಿ ಓಡಿದರು.

ಹೆಸರು ಹೊಡೆದೆ. ಪುಟ ಬರಲಿಲ್ಲ. ಮತ್ತೆ ಹೊಡೆದೆ. ಅಂಥ ವಿಳಾಸವೇ ಇಲ್ಲ ಎಂದು ಬಂತು. ಆಗ ಆ ಮೇಲ್ ನೆನಪಾಯಿತು.

ಮೇಡಂಗೆ ಫೋನ್ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು. ಪಂಚನಹಳ್ಳಿಯಲ್ಲಿ ನೆಂಟರ ಗೃಹಪ್ರವೇಶ, ಹೋಗುತ್ತೇನೆ ಎಂದು ಹಿಂದಿನ ದಿನ ಹೇಳಿದ್ದರು. ನಾಲ್ಕು ಸಲ ಮಾಡಿದೆ. ನಾಲ್ಕು ಸಲವೂ ಅದೇ. ಹೊರಗೆ ಆಂಬುಲೆನ್ಸಿನ ಬಾಗಿಲು ಹಾಕಿದ ಸದ್ದು ಕೇಳಿತು. ಅಜ್ಜಂಪುರದ ಮನೆಯ ಲ್ಯಾಂಡ್‌ಲೈನಿಗೆ ಮಾಡಿದೆ. ಅವರ ಯಜಮಾನರು ಎತ್ತಿದರು.

“ಯಜಮಾನ್ರೇ, ನಾನು ತರೀಕೆರೆ ಲ್ಯಾಬಿಂದ.”

“ಹೇಳಪ್ಪಾ. ಅವ್ಳು ಪಂಚನಹಳ್ಳಿಗೆ ಹೋಗವ್ಳೆ, ಸಂಜೆ ಬತ್ತಾಳೆ.”

“ಗೊತ್ತು. ನಿಮ್ಮಿಂದ್ಲೇ ಒಂದು ಕೆಲಸ ಆಗ್ಬೇಕು. ಒಬ್ಬ ಬಾಣಂತಿ ಜೀವ ಇದೆ ಇದ್ರಲ್ಲಿ.”

“ಏನ್ ಮಾಡ್ಬೇಕು ಹೇಳು.”

ಹೆಸರು ಹೋದರೂ ಮನೆ ಇದೆ, ಕಂಪ್ಯೂಟರ್ ಓಡುತ್ತಿದೆ. ಈ ಹೊತ್ತಿನ ನಂಬರ್ ಗೊತ್ತಾದರೆ ನೇರವಾಗಿ ಅದನ್ನೇ ಹೊಡೆದು ಒಳಗೆ ಹೋಗಬಹುದು. ಅವರ ಮೊಬೈಲಿಗೆ ವಾಟ್ಸಾಪಿನಲ್ಲಿ ಒಂದು ಲಿಂಕ್ ಕಳಿಸಿದೆ. ಅದನ್ನು ಒತ್ತಿದರೆ ಇಂಟರ್ನೆಟ್ಟಿನ ನಂಬರ್ ತೋರಿಸುತ್ತದೆ. ಒತ್ತಿದರು. ಓದತೊಡಗಿದರು.

ಅವರು ರೈಲ್ವೆಯಲ್ಲಿ ಗೇಟ್‌ಮನ್ ಆಗಿದ್ದವರು. ಗೇಟು ಹಾಕಿದ ಮೇಲೆ ಸ್ಟೇಷನ್ನಿಗೆ ಫೋನಿನಲ್ಲಿ ಒಂದು ಗುಪ್ತ ನಂಬರ್ ಹೇಳುವುದು, ಆ ಕಡೆಯವರು ತಿರುಗಿ ಹೇಳುವುದು, ಆಮೇಲೆ ರೈಲು ಬಿಡುವುದು, ಇದನ್ನು ಸರ್ವೀಸಿಡೀ ಮಾಡಿದವರು. ನಾನು ಅವಸರದಲ್ಲಿ “ಹೂಂ ಹೂಂ, ಮುಂದೆ” ಎಂದೆ.

“ಹೂಂ ಅನ್ಬೇಡ. ತಿರುಗಿ ಹೇಳು. ಹೇಳೋವರ್ಗೂ ಮುಂದಕ್ ಹೋಗಲ್ಲ.”

ಒಂದೊಂದೇ ಅಂಕಿ, ನಡುವೆ ಚುಕ್ಕಿ. ತಿರುಗಿ ಹೇಳಿದೆ. ಹೊಡೆದೆ. ಪುಟ ಸುತ್ತುತ್ತಲೇ ಇತ್ತು, ಬರಲಿಲ್ಲ. ಅರ್ಧ ನಿಮಿಷ ನನ್ನ ತಲೆ ಓಡಲಿಲ್ಲ. ಆಮೇಲೆ ಹೊಳೆಯಿತು. ಅವರು ಹೇಳಿದ್ದು ಮೊಬೈಲ್ ಕಂಪನಿಯ ನಂಬರ್, ಮನೆಯದಲ್ಲ.

“ಯಜಮಾನ್ರೇ, ಡೇಟಾ ಆರಿಸಿ. ವೈಫೈ ಹಾಕಿ. ಮತ್ತೆ ಅದನ್ನೇ ಒತ್ತಿ.”

“ವೈಫೈ ಎಲ್ಲೈತೆ ನಂಗೊತ್ತಿಲ್ಲ.”

“ಮೇಲಿಂದ ಕೆಳಕ್ಕೆ ಬೆರಳು ಎಳೀರಿ. ಬೀಸಣಿಗೆ ಥರ ಒಂದು ಗುರುತು ಬರುತ್ತೆ.”

ಅವರ ಉಸಿರು ಕೇಳಿಸುತ್ತಿತ್ತು. ಅವರ ಮನೆಯ ಮುಂದೆ ಒಂದು ಗೂಡ್ಸ್ ಗಾಡಿ ಹೋಗುತ್ತಿತ್ತು, ಅದರ ಸದ್ದು ಮುಗಿಯುವವರೆಗೆ ಇಬ್ಬರೂ ಕಾಯಬೇಕಾಯಿತು. ಹೊಸ ನಂಬರ್ ಹೇಳಿದರು. ತಿರುಗಿ ಹೇಳಿದೆ. ಹೊಡೆದೆ. ಈ ಸಲ ಬಂತು, ಆದರೆ ಕೆಂಪು ಎಚ್ಚರಿಕೆಯ ಜೊತೆ. ಈ ಜಾಗ ಸುರಕ್ಷಿತವಲ್ಲ, ಹಿಂದೆ ಹೋಗಿ ಎಂದು.

ಅದು ಬಂದೇ ಬರುತ್ತದೆ. ಪುಟ ಅಸಲಿ ಎಂದು ತೋರಿಸುವ ಬೀಗದ ಗುರುತು ಇದ್ದದ್ದು ಹೆಸರಿಗೆ, ನಂಬರಿಗಲ್ಲ. ಆದರೆ ಮೇಡಂ ನಮಗೆಲ್ಲ ಹಾಕಿದ್ದ ನಿಯಮ ಒಂದೇ: ಕೆಂಪು ಬಂದರೆ ಪಾಸ್‌ವರ್ಡ್ ಹೊಡೆಯಬಾರದು. ನಂಬರಿನಲ್ಲಿ ಒಂದಂಕಿ ತಪ್ಪಿದ್ದರೆ ನಾನು ಯಾರದೋ ಬಾಗಿಲಲ್ಲಿ ಐವತ್ತೆಂಟು ಜನರ ಕೀಲಿ ಬಿಟ್ಟು ಬಂದ ಹಾಗೆ. ಬಟ್ಟೆ ಅಂಗಡಿ ಹುಡುಗಿಯ ಅಣ್ಣ ಬಾಗಿಲಲ್ಲಿ ನಿಂತದ್ದು ಕಣ್ಣ ಮುಂದೆ ಬಂತು. ಈ ಪುಟ ನಮ್ಮ ಕಂಪ್ಯೂಟರಿನದೇ ಹೌದೋ ಎಂದು ಮೊದಲು ಪರೀಕ್ಷಿಸಬೇಕಿತ್ತು.

“ಟಿವಿ ಕೆಳಗೆ ಕರೀ ಕಂಪ್ಯೂಟರ್ ಇದೆಯಲ್ಲ, ಅದರ ಹಿಂದೆ ನೀಲಿ ವೈರ್ ಇದೆ. ಅದನ್ನ ಕೀಳಿ. ಗೋಡೆ ಮೇಲಿನ ಬಿಳೀ ಡಬ್ಬಿ ಮಾತ್ರ ಮುಟ್ಬೇಡಿ.”

ಬಿಳಿ ಡಬ್ಬಿ ರೂಟರ್. ಅದು ಆರಿದರೆ ನಂಬರ್ ಬದಲಾಗುತ್ತದೆ, ಅದರ ಮೂಲಕವೇ ಬರುವ ಈ ಲ್ಯಾಂಡ್‌ಲೈನೂ ಸಾಯುತ್ತದೆ.

“ನೀಲಿ ಎರಡವೆ ಕಣಪ್ಪಾ.”

“ಡಬ್ಬಿ ಕಡೆಯಿಂದ ನೋಡ್ಬೇಡಿ. ಕಂಪ್ಯೂಟರ್ ಹಿಂದಕ್ಕೆ ಕೈ ಹಾಕಿ, ಅಲ್ಲಿ ಸಿಕ್ಕಿದ ತುದೀನ ಹಿಡ್ಕೊಳ್ಳಿ.”

“ಹಿಡ್ಕಂಡೆ.”

“ಕೀಳಿ.”

ನಾನು ಪುಟವನ್ನು ಮತ್ತೆ ತೆರೆದೆ. ಬರಲಿಲ್ಲ. ಸತ್ತಿತ್ತು.

“ಹಾಕಿ.”

ತೆರೆದೆ. ಬಂತು. ಅದು ನಮ್ಮದೇ ಮನೆ. ಪಾಸ್‌ವರ್ಡ್ ಹೊಡೆದೆ.

ಪಟ್ಟಿಯಲ್ಲಿ ಓ ನೆಗೆಟಿವ್‌ನವರು ಆರು ಜನ. ಮೊದಲನೆಯವರು ಕೊಟ್ಟು ತಿಂಗಳ ಮೇಲೆ ಕೆಲವೇ ದಿನ ಆಗಿತ್ತು, ಮೂರು ತಿಂಗಳು ತುಂಬದೆ ಕರೆಯುವ ಹಾಗಿಲ್ಲ. ಎರಡನೆಯವರ ಫೋನ್ ಆಫ್. ಮೂರನೆಯವರು ಬೀರೂರಿನಲ್ಲಿ ಕೊಬ್ಬರಿ ವ್ಯಾಪಾರಿ. ಎತ್ತಿದರು. ವಿಷಯ ಹೇಳಿದೆ.

“ನಾನು ಕೊನೇಲಿ ಕೊಟ್ಟಿದ್ದು ಯಾವತ್ತು?” ಎಂದು ಕೇಳಿದರು, ಗಟ್ಟಿ ದನಿಯಲ್ಲಿ.

ಬಟ್ಟೆ ಅಂಗಡಿ ಹುಡುಗಿಯ ಘಟನೆಯ ನಂತರ ಮೇಡಂ ಪಟ್ಟಿಯವರೆಲ್ಲರಿಗೂ ಇದನ್ನು ಹೇಳಿಕೊಟ್ಟಿದ್ದರು. ಯಾರೇ ಕರೆದರೂ ಕೊನೆಯ ತಾರೀಖು ಕೇಳಿ, ಹೇಳದಿದ್ದರೆ ಫೋನ್ ಇಡಿ. ತಾರೀಖು ಓದಿದೆ.

“ಸರಿ. ಹೊರಡ್ತೀನಿ. ಎಲ್ಲಿಗೆ ಬರ್ಬೇಕು ಅನ್ನೋದನ್ನ ಮೆಸೇಜ್ ಹಾಕಿ, ಗಾಡಿ ಓಡಿಸ್ತಾ ಮಾತಾಡಲ್ಲ ನಾನು.”

ಲಿಂಗದಹಳ್ಳಿಯ ಒಬ್ಬ ಮೇಷ್ಟರೂ ಒಪ್ಪಿದರು. ಇಬ್ಬರು ಹೊರಟಿದ್ದಾರೆ ಎಂದು ಡಾಕ್ಟರಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವರು, “ಇಷ್ಟೊತ್ತು ಯಾಕಾಯ್ತು?” ಎಂದರು. ನಲವತ್ತು ನಿಮಿಷ ಆಗಿತ್ತು.

ಮಧ್ಯಾಹ್ನ ಮೂರರವರೆಗೂ ಸುದ್ದಿ ಇರಲಿಲ್ಲ. ಎರಡು ಮಾದರಿಗಳಿಗೆ ಚೀಟಿ ಅಂಟಿಸಿ, ಸರಿಯಾಗಿದೆಯೋ ಇಲ್ಲವೋ ಎಂದು ಹತ್ತು ಸಲ ನೋಡಿದೆ. ಮೂರರ ಮೇಲೆ ಡಾಕ್ಟರಮ್ಮ ಫೋನ್ ಮಾಡಿ, ಆ ಒಂದು ಬಾಟ್ಲಿಯನ್ನು ಶಿವಮೊಗ್ಗ ಮುಟ್ಟಿದ ಕೂಡಲೇ ಹಾಕಿದರು, ಸ್ರಾವ ನಿಂತಿದೆ, ಇಬ್ಬರು ಕೊಟ್ಟದ್ದನ್ನು ಸಂಜೆ ಹಾಕುತ್ತಾರೆ, ತಾಯಿ ಉಳಿಯುತ್ತಾಳೆ ಎಂದರು.

ಸಂಜೆ ಮೇಡಂ ಫೋನ್ ಬಂತು. ಬೀರೂರಿನಲ್ಲಿ ಬಸ್ ಇಳಿದಿದ್ದರು. ಯಜಮಾನರು ಎಲ್ಲವನ್ನೂ ಹೇಳಿಯಾಗಿತ್ತು.

“ತಾಯಿ?”

“ಉಳ್ಕೊಂಡ್ಲು ಮೇಡಂ.”

“ಮಗು?”

“ಚೆನ್ನಾಗಿದೆ.”

“ಕೊಟ್ಟೋರು ಇಬ್ರೂ ಮನೆ ಸೇರಿದ್ರಾ?”

ಅದನ್ನು ನಾನು ವಿಚಾರಿಸಿರಲಿಲ್ಲ. “ವಿಚಾರಿಸಿ ಹೇಳು, ನಾನು ಸ್ಟ್ಯಾಂಡಲ್ಲೇ ಇರ್ತೀನಿ” ಎಂದರು. ಇಬ್ಬರಿಗೂ ಫೋನ್ ಮಾಡಿದೆ. ಮೇಷ್ಟರು ಇನ್ನೂ ದಾರಿಯಲ್ಲಿದ್ದರು, ಅವರು ಮನೆ ಮುಟ್ಟಿದ ಮೇಲೆ ಮೇಡಂಗೆ ತಿಳಿಸಿದೆ. ಅಷ್ಟರಲ್ಲಿ ಮೇಡಂ ಅಜ್ಜಂಪುರದ ಒಂದು ಬಸ್ಸನ್ನು ಬಿಟ್ಟಿದ್ದರು.

ಮಾರನೆಯ ದಿನ ರಜೆ ಹಾಕಿ ಅಜ್ಜಂಪುರಕ್ಕೆ ಹೋದೆ. ಮೇಲ್ ಬಂದದ್ದು, ನೋಡಿಯೂ ಬಿಟ್ಟದ್ದು, ಎರಡನೆಯದನ್ನೂ ಬಿಟ್ಟದ್ದು, ಎಲ್ಲ ಹೇಳಿದೆ. ಅವರು ಕಾಫಿ ಸೋಸುತ್ತಾ ಕೇಳಿದರು.

“ಬೈದ್ಬಿಡಿ ಮೇಡಂ.”

“ಬೈದ್ರೆ ನಿನಗೆ ಹಗುರ ಆಗುತ್ತೆ. ಬೈಯಲ್ಲ.”

ಲೋಟ ನನ್ನ ಮುಂದಿಟ್ಟು ಕೂತರು. “ನಿನ್ನೊಬ್ಬಂದೇ ತಪ್ಪಲ್ಲ. ನನಗೆ ಬೇಡ ಅನ್ನಿಸಿತ್ತು. ಹುಡುಗ ಬೇಜಾರು ಮಾಡ್ಕೋತಾನೆ ಅಂತ ಒಪ್ಕೊಂಡೆ. ಒಬ್ಬರ ನೆನಪಿನ ಮೇಲೆ ಇಷ್ಟು ಜನರ ಭಾರ ಹಾಕಿದ್ದು ನಾನೇ” ಎಂದರು. ಬೈದಿದ್ದರೇ ಚೆನ್ನಾಗಿತ್ತು.

ಆಮೇಲೆ ಅವರು ಕೇಳಿದ್ದು ಒಂದೇ. “ನಮ್ಮ ಹೆಸರು ಈಗ ಯಾರ್ದು?”

ಯಂತ್ರದ ಮುಂದೆ ಕೂತು ನೋಡಿದೆ. ಯಾರಾದರೂ ಎತ್ತಿಕೊಂಡು ಅಲ್ಲಿ ನಮ್ಮದರ ಹಾಗೇ ಒಂದು ಪುಟ ಇಟ್ಟರೆ, ಕಡೂರಿನವರೋ ಅಜ್ಜಂಪುರದವರೋ ತಿಳಿಯದೆ ಪಾಸ್‌ವರ್ಡ್ ಹೊಡೆದುಬಿಡುತ್ತಾರೆ. ಯಾರೂ ಎತ್ತಿರಲಿಲ್ಲ. ಮತ್ತೆ ನಮ್ಮದೇ ಮಾಡಿಕೊಂಡೆ. “ಮೂರೂ ಲ್ಯಾಬಿನ ಫೋನಿಂದ ಈ ಹೆಸರು ಅಳಿಸೋವರ್ಗೂ ಇದನ್ನ ಬಿಡಂಗಿಲ್ಲ” ಎಂದರು ಮೇಡಂ. ಅವತ್ತೇ ಆ ಸಣ್ಣ ಪ್ರೋಗ್ರಾಂ ಬರೆದೆ. ಒಂದು ಗಂಟೆಯ ಕೆಲಸ. ತಿಂಗಳ ಮೇಲ್ ಇಲ್ಲದ ಸೇವೆಯಲ್ಲಿ ಒಂದು ಹೆಸರು, ಅದು ಕೈಕೊಟ್ಟರೆ ಇರಲಿ ಎಂದು ಬೇರೆಯವರಲ್ಲಿ ಇನ್ನೊಂದು. ಅಂದಿನಿಂದ ತಿಂಗಳ ಮೊದಲ ಸೋಮವಾರ ಅವರೇ ರೂಟರ್ ಆರಿಸಿ ಹಾಕುತ್ತಿದ್ದರು, ಮೂರೂ ಲ್ಯಾಬಿಗೆ ಫೋನ್ ಮಾಡಿ “ತೆಗಿ ನೋಡೋಣ” ಎನ್ನುತ್ತಿದ್ದರು. ತೆರೆಯಿತು ಎಂದು ಮೂವರೂ ಹೇಳಿದ ಮೇಲೆ ತಿಂಡಿ.

ಹೋದ ಬೇಸಿಗೆಯಲ್ಲಿ ಅವರಿಗೆ ಹೃದಯದ ತೊಂದರೆ ಕಾಣಿಸಿಕೊಂಡಿತು. ಆಸ್ಪತ್ರೆಗೆ ನೋಡಲು ಹೋದಾಗ, ಮಂಚದ ಪಕ್ಕದ ಸ್ಟೂಲು ತೋರಿಸಿ ಕೂರಿಸಿದರು.

“ನಾನು ಹೋದ್ಮೇಲೆ ಏನ್ ಮಾಡ್ತೀಯ?”

“ಹಂಗೆಲ್ಲ ಮಾತಾಡ್ಬೇಡಿ ಮೇಡಂ.”

“ಕೇಳಿದ್ದಕ್ಕೆ ಹೇಳು.”

“ಕಂಪ್ಯೂಟರ್ ನಮ್ಮನೆಗೆ ತಗೊಂಡು ಹೋಗ್ತೀನಿ. ಪಟ್ಟಿ ನಡೆಸ್ತೀನಿ.”

“ಇಲ್ಲ” ಎಂದರು. ಮಾತಾಡಲು ಕಷ್ಟವಾಗುತ್ತಿತ್ತು, ಆದರೂ ಬಿಡಲಿಲ್ಲ. “ಅವ್ರು ನಂಬರ್ ಕೊಟ್ಟಿದ್ದು ನನಗೆ. ನಿನಗಲ್ಲ. ಒಬ್ಬೊಬ್ಬರನ್ನೂ ಕೇಳು. ನೀನು ಯಾರು ಅಂತ ಹೇಳು. ಬೇಡ ಅಂದೋರ್ದನ್ನ ಆ ಕ್ಷಣವೇ ಅಳಿಸು. ಯಾಕೆ ಅಂತ ಕೇಳ್ಬೇಡ.”

ಆಗಲಿ ಎಂದೆ. ಮರೆಯಲ್ವಾ ಎಂದು ಅವರು ಈ ಸಲ ಕೇಳಲಿಲ್ಲ.

ಅವರು ತೀರಿಕೊಂಡು ಹದಿನೈದು ದಿನ ಕಳೆದ ಮೇಲೆ ಕರೆ ಮಾಡಲು ಕೂತೆ. ಐವತ್ತೆಂಟು ಜನಕ್ಕೆ ಎಂಟು ದಿನ ಹಿಡಿಯಿತು. ಹನ್ನೊಂದು ಜನ ಬೇಡ ಎಂದರು. ಮೇಡಂ ಇದ್ದರೆ ಬರುತ್ತಿದ್ದೆ, ನಿಮ್ಮ ಪರಿಚಯ ಇಲ್ಲ ಎಂದು ಕೆಲವರು ನೇರವಾಗಿಯೇ ಹೇಳಿದರು. ಅವರು ಫೋನ್ ಇಡುವುದರೊಳಗೆ ಅಳಿಸಿದೆ. ಒಬ್ಬರು ‘ಯೋಚನೆ ಮಾಡ್ತೀನಿ’ ಎಂದು, ಮಾರನೆಯ ದಿನ ತರೀಕೆರೆಗೆ ಬಂದು, ಲ್ಯಾಬಿನ ಎದುರು ನಿಂತು ನನ್ನನ್ನು ನೋಡಿಕೊಂಡು ಹೋಗಿ ಆಮೇಲೆ ಒಪ್ಪಿದರು.

ಕೊನೆಗೆ ಉಳಿದದ್ದು ಎಮ್ಮೆದೊಡ್ಡಿ ಕಡೆಯ ಒಬ್ಬ ಹೆಣ್ಣುಮಗಳು. ಹೊಲಿಗೆ ಕೆಲಸ ಮಾಡುವವರು, ಓ ನೆಗೆಟಿವ್. ಅವರಿಗೆ ಸುದ್ದಿ ಗೊತ್ತಿರಲಿಲ್ಲ. ಮೇಡಂ ಯಾಕೆ ಮಾಡಲಿಲ್ಲ, ನೀವ್ಯಾಕೆ ಮಾಡಿದ್ದು ಎಂದರು. ಹೇಳಿದೆ. ಆ ಕಡೆ ಓಡುತ್ತಿದ್ದ ಹೊಲಿಗೆ ಯಂತ್ರ ನಿಂತಿತು.

“ಅವರಿಗೆ ರಕ್ತ ಬೇಕಾಗಿತ್ತಾ?”

“ಇಲ್ಲಮ್ಮ. ಹೃದಯದ ತೊಂದರೆ. ರಕ್ತ ಬೇಕಾಗ್ಲಿಲ್ಲ.”

“ಬೇಕಾಗಿದ್ರೆ ನನ್ನ ಕರೀತಿದ್ರಾ?”

“ಅವರ ಗುಂಪು ಬೇರೆ. ಬಿ ಪಾಸಿಟಿವ್. ಎಲ್ಲ ಕಡೆ ಸಿಗುತ್ತೆ.”

“ನಂದು ಎಲ್ಲಾರಿಗೂ ಆಗುತ್ತೆ ಅಂತ ಅವರೇ ಹೇಳಿದ್ರು.”

“ಹೌದು. ಆಗುತ್ತೆ.”

ಬೇಡ ಎನ್ನುತ್ತಾರೆ ಎಂದುಕೊಂಡು ನಾನು ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಕಾದೆ.

“ಅವರನ್ನ ಇನ್ನೊಂದ್ಸಲ ನೋಡ್ಬೇಕಿತ್ತು ನಾನು” ಎಂದರು. “ಇರ್ಲಿ, ನನ್ನ ನಂಬರ್ ತೆಗೀಬೇಡಿ.”